ನನ್ನ ಜೆರ್ಸಿ ಗೆದ್ದ ಫೈನಲ್

ದೋಹಾದ ನಮ್ಮ ಅಮೆರಿಕನ್ ಕಾಲೇಜಿನಲ್ಲಿ ಆಡುತ್ತಿದ್ದುದು ಅಮೆರಿಕನ್ ಫುಟ್‌ಬಾಲೇ, ಆದರೆ ಯಾರನ್ನೂ ಕೆಡವುವಂತಿರಲಿಲ್ಲ. ಚೆಂಡು ಹಿಡಿದು ಓಡುವವನ ಸೊಂಟದಲ್ಲಿ ಜೋತಾಡುವ ಪಟ್ಟಿಯನ್ನು ಕಿತ್ತರೆ ಅವನ ಓಟ ಅಲ್ಲಿಗೇ ಮುಗಿಯಿತು. ಆ ಸೀಸನ್ನಿನಲ್ಲಿ ನನ್ನ ಪಟ್ಟಿ ಸುಲಭವಾಗಿ ಯಾರ ಕೈಗೂ ಸಿಗಲಿಲ್ಲ.

ಅಪ್ಪ ಒಂದು ಆಟವನ್ನೂ ನೋಡಿರಲಿಲ್ಲ. ಅಲ್ ಸದ್ದ್ ಬಡಾವಣೆಯಲ್ಲಿದ್ದ ಆಫೀಸು ಅವರನ್ನು ಕತ್ತಲಾಗದೆ ಬಿಡುತ್ತಿರಲಿಲ್ಲ. "ನಿಮ್ಮ ಟೀಮು ಫೈನಲ್‌ಗೆ ಬಂದ್ರೆ ರಜೆ ಹಾಕಿಯಾದ್ರೂ ಬರ್ತೇನೆ ಮಗಾ" ಎಂದಿದ್ದರು.

ಸೀಸನ್ ಅರ್ಧಕ್ಕೆ ಬರುವಷ್ಟರಲ್ಲಿ ಕಂಪೆನಿ ಅವರನ್ನು ಕೆಲಸದಿಂದ ತೆಗೆಯಿತು. ಅಪ್ಪನ ವೀಸಾ ಹೋದರೆ ಅಮ್ಮನದೂ ನನ್ನದೂ ಹೋದಂತೆಯೇ. ನಾವು ಸೆಮಿಫೈನಲ್ ಗೆದ್ದೆವು. ಊರಿಗೆ ಟಿಕೆಟ್ ಆದದ್ದು ಫೈನಲ್‌ನ ಹಿಂದಿನ ದಿನಕ್ಕೆ. ಎರಡು ದಿನ ಮುಂದೆ ಹಾಕಿ ಎಂದು ಅಪ್ಪ ಕೇಳಿದ್ದಕ್ಕೆ ಆಫೀಸಿನವನು ತಲೆಯೆತ್ತದೆ "ಮಾಫಿ" ಎಂದನಂತೆ, ಅರಬ್ಬಿಯಲ್ಲಿ ಇಲ್ಲ ಎಂದು. ಎರಡೇ ದಿನ! ಅರ್ಧ ಆಯುಸ್ಸು ಅಲ್ಲಿಯೇ ಸವೆಸಿದವರಿಗೆ!

ಅಮ್ಮ ಜೆರ್ಸಿ ಒಗೆದು ಇಸ್ತ್ರಿ ಹಾಕಿದಳು. ನಾನು ಅದನ್ನು ಕ್ಯಾಪ್ಟನ್‌ಗೆ ಕೊಟ್ಟು ಬಂದೆ.

ಗೆದ್ದ ತಂಡದ ಫೋಟೋ ಇಮೇಲ್‌ನಲ್ಲಿ ಬಂತು. ಉಡುಪಿಯ ಸೈಬರ್ ಕೆಫೆಯಲ್ಲಿ ಅಪ್ಪನೂ ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ನನ್ನ ಜೆರ್ಸಿ ತೊಟ್ಟ ಬೇರೊಬ್ಬ ಹುಡುಗ ಕಪ್ ಎತ್ತಿ ಹಿಡಿದಿದ್ದ. ಅಪ್ಪ ಕನ್ನಡಕ ಒರೆಸಿಕೊಂಡು ತುಂಬಾ ಹೊತ್ತು ನೋಡಿದರು.

"ಅವನಿಗೆ ಅದು ದೊಡ್ಡ ಆಗಿದೆ ಮಗಾ. ಹೆಗಲಿಂದ ಇಳೀತಾ ಉಂಟು ನೋಡು."

"ಹೌದಪ್ಪ" ಎಂದೆ.

ಜೆರ್ಸಿ ಅವನಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು.