ಕಸೂತಿ ಯಂತ್ರದ ಪರದೆ ಮತ್ತು ನಮ್ಮ ಅತ್ತೆಯವರು

ಹೊಸದನ್ನು ಕೊಳ್ಳುವುದೇ ಜಾಣತನವೆಂದು ತಿಳಿದಿರುವ ಈ ಕಾಲದಲ್ಲಿ, ಹಳೆಯ ಗಾಜಿನ ಕೊಳವೆಯ ಮಾನಿಟರುಗಳಿಗೆ ಮರುಜೀವ ಕೊಡುವ ಕೆಲಸದಲ್ಲಿ ನಮ್ಮ ಸಂಸ್ಥೆಯ ರಿಪೇರಿ ವಿಭಾಗದ ಮುಖ್ಯಸ್ಥೆಯವರಿಗೆ ಸರಿಸಮನಾದವರನ್ನು ನಾನು ಕಂಡಿಲ್ಲ. ಯಾರ ಬೆಸುಗೆಯನ್ನೂ ಒಂದೇ ಸಲಕ್ಕೆ ಒಪ್ಪದ ಅವರನ್ನು ವಿಭಾಗದವರೆಲ್ಲ ಬೆನ್ನ ಹಿಂದೆ 'ಅತ್ತೆಯವರು' ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದು, ಹಾಗಾದರೆ ನೀವೆಲ್ಲ ನನ್ನ ಸೊಸೆಯಂದಿರು ಎಂದು ಗಂಡಸರ ಕೈಗೇ ಪೊರಕೆ ಕೊಟ್ಟ ಮೇಲೆ ಆ ಹೆಸರು ಗೌರವದ್ದೇ ಆಯಿತು.

ಎಂಟನೆಯ ತರಗತಿಗೇ ಶಾಲೆ ಬಿಟ್ಟು, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಬಂದ ನನ್ನನ್ನು ಸೇರಿಸಿಕೊಳ್ಳಬಾರದೆಂದು ಕಚೇರಿಯವರು ಹಟ ಹಿಡಿದಾಗ, ಅತ್ತೆಯವರು ವಾದಕ್ಕೆ ಹೋಗದೆ ತಮ್ಮ ಬೆಂಚಿನ ಪಕ್ಕದಲ್ಲಿ ನನಗೊಂದು ಸ್ಟೂಲು ಹಾಕಿಸಿದರು. ನನಗೆ 'ಬೆಂಕಿಪೊಟ್ಟಣ' ಎಂದು ಹೆಸರಿಟ್ಟವರೂ ಅವರೇ. ಕರೆಂಟು ತೆಗೆದ ಮೇಲೂ ಮಾನಿಟರಿನ ಹೊಟ್ಟೆಯಲ್ಲಿ ವಿದ್ಯುತ್ತು ಉಳಿದಿರುತ್ತದೆ, ಅದನ್ನು ನೆಲಕ್ಕಿಳಿಸದೆ ಕೈ ಹಾಕಬಾರದು ಎಂಬುದು ಅವರು ಹೇಳಿಕೊಟ್ಟ ಮೊದಲ ಪಾಠ.

ಅವರ ಸೇವೆಯ ಕೊನೆಯ ವರ್ಷದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನನ್ನಕ್ಕ ದುಡಿಯುವ ಬಟ್ಟೆ ಕಾರ್ಖಾನೆಯಲ್ಲಿ, ಕಸೂತಿ ಯಂತ್ರವನ್ನು ನಡೆಸುವ ಹಳೆಯ ಕಂಪ್ಯೂಟರಿನ ಮಾನಿಟರು ಕಣ್ಣು ಮುಚ್ಚಿತು. ಹೊಸ ಪರದೆ ಅದಕ್ಕೆ ಹೊಂದುವುದಿಲ್ಲ. ಮಾಲೀಕರು ಯಂತ್ರವನ್ನೇ ಗುಜರಿಗೆ ಹಾಕಿ ವಿಭಾಗ ಮುಚ್ಚುವುದೆಂದು ತೀರ್ಮಾನಿಸಿದರು. ಅಕ್ಕನೂ ಸೇರಿ ಏಳು ಹೆಂಗಸರ ಕೆಲಸ ಹೋಗುವುದರಲ್ಲಿತ್ತು. ನನ್ನಿಂದ ವಿಷಯ ತಿಳಿದ ಅತ್ತೆಯವರು ಮಾಲೀಕರಿಂದ ಒಂದು ದಿನದ ಗಡುವು ಕೇಳಿ ಪಡೆದು, ನನ್ನನ್ನು ಕರೆದುಕೊಂಡು ಕಾರ್ಖಾನೆಗೇ ಬಂದರು.

ಬಿಚ್ಚಿ ನೋಡಿದರೆ, ವಿದ್ಯುತ್ತನ್ನು ಹಿಡಿದಿಟ್ಟು ಹದವಾಗಿ ಬಿಡಬೇಕಾದ ಕೆಪಾಸಿಟರುಗಳು ವಯಸ್ಸಾಗಿ ತಲೆ ಉಬ್ಬಿಸಿಕೊಂಡು, ಬುಡದಲ್ಲಿ ಜಿನುಗುತ್ತ ನಿಂತಿದ್ದವು. ಅವರು ಒಂದೊಂದನ್ನೇ ಕಿತ್ತರು. ತಿರುಗುಮುರುಗಾಗಿ ಕೂರಿಸಿದರೆ ಅವು ಸಿಡಿಯುತ್ತವೆ; ಅದಕ್ಕೇ ನಾನು ಸರ್ಕಿಟ್ ಹಲಗೆಯ ಮೇಲೆ ಅಚ್ಚಾದ ಪ್ಲಸ್ ಗುರುತು ನೋಡಿ ಹೊಸದನ್ನು ಬೆಸೆದೆ. ಅವರು ಪರೀಕ್ಷಿಸಿ ತಲೆಯಾಡಿಸಿದರು. ಸ್ವಿಚ್ಚು ಹಾಕಿದೆವು. ಪಟಾರನೆ ಒಂದು ಕೆಪಾಸಿಟರು ಸಿಡಿದು ಕೋಣೆಯೆಲ್ಲ ಸುಟ್ಟ ವಾಸನೆ. ಮಾಲೀಕರು ನನ್ನ ಓದಿನಿಂದ ಹಿಡಿದು ಹುಟ್ಟಿನವರೆಗೂ ಜಾಲಾಡತೊಡಗಿದರು. ಉಳಿದ ಹೆಂಗಸರೊಂದಿಗೆ ಬಾಗಿಲಲ್ಲಿ ನಿಂತಿದ್ದ ಅಕ್ಕ ಮುಖ ತಿರುಗಿಸಿದಳು. ನಾನು ಉತ್ತರ ಕೊಡಲು ಎದ್ದೇಬಿಟ್ಟಿದ್ದೆ.

"ಕೂತ್ಕೋ ಬೆಂಕಿಪೊಟ್ಟಣ," ಎಂದರು ಅತ್ತೆಯವರು. ಆಮೇಲೆ ಮಾಲೀಕರತ್ತ ತಿರುಗಿ, "ಬೈಯೋದಿದ್ರೆ ನನಗೆ ಬೈರಿ. ಸರಿಯಿದೆ ಅಂದೋಳು ನಾನು. ಅಚ್ಚಿನ ಗುರುತು ನಂಬ್ಕೊಂಡು, ಹಳೇದು ಹೇಗೆ ಕೂತಿತ್ತು ಅಂತ ನೋಡ್ಲೇ ಇಲ್ಲ. ಬೈದು ಮುಗಿದ್ಮೇಲೆ ಹೇಳಿ, ನಮಗೆ ಕೆಲಸ ಇದೆ," ಎಂದರು.

ಕೈಕೆಳಗಿನವನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಾಗಿದ್ದ ತಪ್ಪನ್ನು, ಅಷ್ಟು ಜನರ ಎದುರು ತಮ್ಮದೆಂದು ಒಪ್ಪಿಕೊಂಡ ಇನ್ನೊಬ್ಬ ಅಧಿಕಾರಿಯನ್ನು ನಾನು ನೋಡಿಲ್ಲ. ಹಲಗೆಯ ಹಿಂಬದಿಯ ತಾಮ್ರದ ಗೆರೆಯನ್ನು ಹಿಡಿದು ಹೋದಾಗ, ಆ ಒಂದು ಕಡೆ ಗುರುತೇ ತಿರುಗುಮುರುಗಾಗಿ ಅಚ್ಚಾಗಿರುವುದು ಗೊತ್ತಾಯಿತು. ಬೇರೆಯದನ್ನು ಹಾಕಿ, ಎಲ್ಲವನ್ನೂ ಮೊದಲಿನಿಂದ ತಾಳೆ ನೋಡಿ ಮತ್ತೆ ಸ್ವಿಚ್ಚು ಹಾಕಿದಾಗ, ಪರದೆಯ ಮೇಲೆ ಮೊದಲು ಮಸುಕಾಗಿ, ಆಮೇಲೆ ನಿಚ್ಚಳವಾಗಿ ಹೂಬಳ್ಳಿಯೊಂದು ಮೂಡಿತು. ಅಕ್ಕ ಒಳಗೆ ಬಂದು, ತನ್ನ ಕುರ್ಚಿಯಲ್ಲಿ ಕೂತು ಸೂಜಿಗೆ ನೂಲು ಪೋಣಿಸಿದಳು. ಉಳಿದವರೂ ಬಂದು ಕೂತರು. ಮಾಲೀಕರು ಗುಜರಿಯವನಿಗೆ ಬರಬೇಡವೆಂದು ಫೋನು ಮಾಡಿದರು.

ಅಂಥವರಿಗೆ ನಿವೃತ್ತಿಯ ನೆಪದಲ್ಲಿ ಈ ಅಭಿನಂದನ ಗ್ರಂಥ ಅರ್ಪಿಸುವ ಉತ್ಸಾಹವುಳ್ಳ ನಮ್ಮ ಕಚೇರಿಯೇ, ನಿವೃತ್ತರು ರಿಪೇರಿ ಕೋಣೆಗೆ ಕಾಲಿಡಬಾರದೆಂಬ ನಿಯಮವನ್ನೂ ತೋರಿಸುತ್ತಿದೆ. ನನಗೆ ಮೈ ಉರಿಯುತ್ತದೆ. ಸಂಪಾದಕರು ಈ ವಾಕ್ಯ ತೆಗೆದರೆ ಇನ್ನೂ ಉರಿಯುತ್ತದೆ. ಅಕ್ಕನ ಕಾರ್ಖಾನೆಯಲ್ಲಿರುವ ಇನ್ನೊಂದು ಹಳೆಯ ಮಾನಿಟರಿನ ಚಿತ್ರ ಈಗಾಗಲೇ ಕುಗ್ಗತೊಡಗಿದ್ದು, ಅದನ್ನು ಬರುವ ಭಾನುವಾರ ಹೊತ್ತುಕೊಂಡು ಅವರ ಮನೆಗೇ ಹೋಗುವವನಿದ್ದೇನೆ. ಅತ್ತೆಯವರ ಕಣ್ಣು ಮಂಜಾಗದಿರಲಿ, ಕೈ ನಡುಗದಿರಲಿ, ಇನ್ನೂ ಬಹುಕಾಲ ನಮ್ಮನ್ನು ಗದರಿಸುತ್ತ ಅವರು ದುಡಿಯುತ್ತಿರಲಿ. ಕಚೇರಿಯ ಆ ನಿಯಮ ಬದಲಾಗುವವರೆಗೆ ಊಟದ ಮೇಜಿನ ಅರ್ಧ ಭಾಗವನ್ನು ನಮಗೆ ಬಿಟ್ಟುಕೊಡಬೇಕೆಂದು ಅವರ ಯಜಮಾನರನ್ನು ಈ ಮೂಲಕ ವಿನಮ್ರವಾಗಿ ಬೇಡಿಕೊಳ್ಳುತ್ತೇನೆ.