ಅತ್ತಿಗೆಯ ಫಾರಂ ಕೈಕೊಟ್ಟ ಬೆಳಿಗ್ಗೆ

ಕುಂಬಳಕಾಯಿ ಕಳ್ಳ ಅಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಅತ್ತಿಗೆ ಕದಿಯದೆಯೇ ಹೆಗಲು ಮುಟ್ಟಿಕೊಳ್ಳುವ ಜಾತಿ. ಪಕ್ಕದ ಮನೆಯಲ್ಲಿ ಹಾಲು ಉಕ್ಕಿದ ವಾಸನೆ ಬಂದರೆ ಓಡಿಹೋಗಿ ತನ್ನ ಒಲೆ ನೋಡುತ್ತಾಳೆ. ನಮ್ಮಣ್ಣ ತಾನೇ ಅಡುಗೆ ಮಾಡಿ, ತಾನೇ ಉಪ್ಪು ಸುರಿದು, ತಾನೇ ಮುಖ ಸಿಂಡರಿಸಿದರೂ "ತಪ್ಪಾಯ್ತು, ನಾನು ನೋಡ್ಬೇಕಿತ್ತು" ಅನ್ನುತ್ತಾಳೆ. ನನಗೂ ಅವಳಿಗೂ ಒಂದೇ ವಯಸ್ಸು. ಹಾಗಾಗಿ ನಮ್ಮಿಬ್ಬರ ನಡುವೆ ಏಕವಚನವೇ, ಬೈಯುವುದಕ್ಕೂ ಅನುಕೂಲ.

ಇಬ್ಬರೂ ಕೆಲಸ ಮಾಡುವುದು ಒಂದು ಆಸ್ಪತ್ರೆಯ ರಕ್ತನಿಧಿಯಲ್ಲಿ. ನಾನು ರಕ್ತ ತೆಗೆಯುವವಳು, ಅವಳು ದಾನಿಗಳ ವಿವರ ಇಡುವವಳು. ಮೊದಲು ಅವರ ಹೆಸರೆಲ್ಲ ಒಂದು ಮರದ ಡ್ರಾಯರಿನೊಳಗೆ ಕಾರ್ಡುಗಳಲ್ಲಿದ್ದವು. ಬೇಕಾದ ಕಾರ್ಡು ಬೇಕಾದಾಗ ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ. ಅತ್ತಿಗೆ ಸಂಜೆ ಕ್ಲಾಸಿಗೆ ಹೋಗಿ ಕಲಿತು ಕಂಪ್ಯೂಟರಿನಲ್ಲಿ ಒಂದು ಫಾರಂ ಮಾಡಿದಳು. ರಕ್ತದ ಗುಂಪು ಒತ್ತಿದರೆ ಸಾಕು, ಆ ಗುಂಪಿನವರ ಹೆಸರು, ಫೋನು, ಕೊನೆಯ ಸಲ ಕೊಟ್ಟದ್ದು ಯಾವಾಗ, ಎಲ್ಲ ಸಾಲಾಗಿ ಬಂದು ನಿಲ್ಲುತ್ತಿತ್ತು. ಫಾರಂ ಇದ್ದದ್ದು ಅವಳ ಮೇಜಿನ ಮೇಲೆ. ಅದು ತೋರಿಸುವ ಹೆಸರುಗಳ ಕಡತ ಇದ್ದದ್ದು ಪಕ್ಕದ ಕೋಣೆಯ ದೊಡ್ಡ ಡಾಕ್ಟರ ಕಂಪ್ಯೂಟರಿನಲ್ಲಿ, ಯಾಕೆಂದರೆ ಕರೆಂಟು ಹೋದರೂ ಆರದೆ ಇರುವುದು ಅದೊಂದೇ. ಹಳೆಯ ಕಾರ್ಡುಗಳನ್ನು ರದ್ದಿಗೆ ಹಾಕೋಣ ಅಂದವಳೂ ಅತ್ತಿಗೆಯೇ. ಆ ಡ್ರಾಯರಿನಲ್ಲಿ ಈಗ ನಮ್ಮ ಊಟದ ಡಬ್ಬಿಗಳಿರುತ್ತವೆ.

ಅವತ್ತು ಬಾಗಿಲು ತೆಗೆಯುತ್ತಿದ್ದಂತೆಯೇ ಹೆರಿಗೆ ವಾರ್ಡಿನ ನರ್ಸು ಓಡಿಬಂದಳು.

"ಓ ನೆಗೆಟಿವ್ ಕೊಡಿ ಬೇಗ. ಮಗು ಚೆನ್ನಾಗಿದೆ, ತಾಯಿಗೆ ರಕ್ತ ನಿಲ್ತಾ ಇಲ್ಲ."

ಆ ಗುಂಪಿನವರಿಗೆ ಬೇರೆ ಯಾವ ರಕ್ತವೂ ಆಗಿಬರುವುದಿಲ್ಲ. ಫ್ರಿಜ್ಜಿನಲ್ಲಿದ್ದದ್ದು ಒಂದೇ ಚೀಲ. ಅದನ್ನು ಎತ್ತಿಕೊಟ್ಟೆ. "ಇದು ಯಾವ ಮೂಲೆಗೂ ಸಾಲಲ್ಲ" ಎನ್ನುತ್ತಾ ನರ್ಸು ಓಡಿದಳು. ಬೇರೆ ಊರಿನ ರಕ್ತನಿಧಿಗೆ ಫೋನು ಮಾಡಿದರೆ, ತಲುಪುವುದು ಸಂಜೆಯಾಗುತ್ತದೆ ಎಂದರು.

ಅತ್ತಿಗೆ ಫಾರಂ ತೆರೆದಳು. ಹೆಸರುಗಳು ಬರಬೇಕಾದ ಜಾಗ ಬೂದು ಬಣ್ಣಕ್ಕೆ ತಿರುಗಿ ಖಾಲಿ ಹೊಡೆಯುತ್ತಿತ್ತು. ನಡುವೆ ಒಂದು ಸಣ್ಣ ಚೌಕ: ಮಾಹಿತಿ ಸಿಗುತ್ತಿಲ್ಲ. ಮುಚ್ಚಿ ತೆರೆದಳು. ಕಂಪ್ಯೂಟರನ್ನೇ ಆರಿಸಿ ಹಚ್ಚಿದಳು. ಮತ್ತೆ ಅದೇ ಚೌಕ.

"ನಾನೇ ಅಳಿಸಿಬಿಟ್ಟೆ ಕಣೇ," ಅಂದಳು. ಹಿಂದಿನ ದಿನ ಎರಡೆರಡು ಸಲ ಬಂದಿದ್ದ ಹೆಸರುಗಳನ್ನು ತೆಗೆದುಹಾಕಿದ್ದಳು. "ಎಲ್ಲೋ ಕೈ ತಪ್ಪಿ ಎಲ್ಲಾ ಹೋಗಿದೆ."

ತಲೆಯೆತ್ತಿದರೆ ಬಾಗಿಲಲ್ಲಿ ಬಾಣಂತಿಯ ಗಂಡ ನಿಂತಿದ್ದ. ಹೆಂಡತಿಯ ಚಪ್ಪಲಿ ಅವನ ಕೈಯಲ್ಲಿತ್ತು. ನಮ್ಮನ್ನೇ ನೋಡುತ್ತಿದ್ದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅತ್ತಿಗೆ ತಾನು ನಿನ್ನೆ ಮುಟ್ಟಿದ್ದನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತಿರುಗಿಸತೊಡಗಿದಳು. ಬಾಯಲ್ಲಿ "ತಪ್ಪಾಯ್ತು, ತಪ್ಪಾಯ್ತು" ನಡೆದೇ ಇತ್ತು. ಕೊನೆಗೆ ಹೋದ ತಿಂಗಳು ತೆಗೆದಿಟ್ಟಿದ್ದ ಫಾರಂನ ಹಳೆಯ ಪ್ರತಿಯನ್ನು ತೆರೆದಳು. ಅದರಲ್ಲೂ ಅದೇ ಬೂದು, ಅದೇ ಚೌಕ. ಅಲ್ಲಿಗೆ ಅವಳ ಜೀವವೇ ಉಡುಗಿತು. "ಅಯ್ಯೋ, ಇದನ್ನೂ ಕೆಡಿಸಿದ್ನಾ?"

ನನಗೆ ಎಲ್ಲಿತ್ತೋ ಸಿಟ್ಟು.

"ಹೋದ ತಿಂಗಳಿನದನ್ನ ನೀನು ನಿನ್ನೆ ಮುಟ್ಟಿದ್ಯಾ?"

"ಇಲ್ಲ."

"ಮತ್ತೆ ಅದು ಹೇಗೆ ಕೆಡ್ತು? ಲೋಕದಲ್ಲಿರೋ ತಪ್ಪನ್ನೆಲ್ಲ ನೀನೇ ಗುತ್ತಿಗೆ ಹಿಡಿದಿದ್ದೀಯಾ? ಅಲ್ಲಿ ಅವಳು ಸಾಯ್ತಿದ್ದಾಳೆ, ಇಲ್ಲಿ ನೀನು ಕ್ಷಮೆ ಕೇಳ್ತಾ ಕೂತಿದ್ದೀಯ!"

ಅತ್ತಿಗೆ ಎರಡೂ ಫಾರಂಗಳನ್ನು ಅಕ್ಕಪಕ್ಕ ಇಟ್ಟು ನೋಡಿದಳು.

"ಹಾಗಾದ್ರೆ ಕೆಟ್ಟಿರೋದು ಫಾರಂ ಅಲ್ಲ," ಎಂದು ನಿಧಾನವಾಗಿ ಹೇಳಿದಳು. "ಹಳೇದೂ ಹೊಸದೂ ಹುಡುಕೋದು ಒಂದೇ ಕಡತಾನ. ಆ ಕಡತವೇ ಇದ್ದ ಜಾಗದಲ್ಲಿಲ್ಲ."

ಎದ್ದವಳೇ ಪಕ್ಕದ ಕೋಣೆಗೆ ನುಗ್ಗಿದಳು. ದೊಡ್ಡ ಡಾಕ್ಟರು ಕಾಫಿ ಕುಡಿಯುತ್ತಿದ್ದರು. ಅವರ ಪರದೆಯ ತುಂಬ ಒಂದು ಮಗು ಬೊಚ್ಚುಬಾಯಿ ಬಿಟ್ಟು ನಗುತ್ತಿತ್ತು.

"ಸರ್, ಇದರಲ್ಲಿ ಏನಾದ್ರೂ ಮುಟ್ಟಿದ್ರಾ?"

"ಏನಿಲ್ಲಮ್ಮ. ಮೊಮ್ಮಗಳ ಫೋಟೋ ಹಾಕಿದೆ ಅಷ್ಟೇ. ಸರಿಯಾಗಿ ಮೂಗಿನ ಮೇಲೆ ಏನೋ ಒಂದು ಕೂತಿತ್ತು. ಎಳೆದು 'ಹಳೇದು' ಅಂತ ಇದೆಯಲ್ಲ, ಅದರೊಳಗೆ ಹಾಕಿದೆ. ಈಗ ನೋಡು, ಎಷ್ಟು ಲಕ್ಷಣವಾಗಿದ್ದಾಳೆ!"

ಅತ್ತಿಗೆ ಅವರ ಕೈಕೆಳಗಿನಿಂದಲೇ ಮೌಸು ಕಿತ್ತುಕೊಂಡಳು. 'ಹಳೇದು' ತೆರೆದು ಕಡತವನ್ನು ಎಳೆದು ತಂದು ಮೊದಲಿದ್ದ ಕಡೆ ಇಟ್ಟಳು. ಅದು ಮತ್ತೆ ಮಗುವಿನ ಮೂಗಿನ ಮೇಲೆಯೇ ಕೂತಿತು.

ಈಚೆ ಬಂದು ಫಾರಂ ತೆರೆದರೆ ಹೆಸರುಗಳೆಲ್ಲ ಸಾಲಾಗಿ ನಿಂತಿದ್ದವು. ಹೋದ ಜೀವ ಬಂದಂತಾಯಿತು, ಆದರೆ ಉಸಿರಾಡಲು ಪುರುಸೊತ್ತಿರಲಿಲ್ಲ. ಮೊದಲನೆಯವರು ಫೋನು ಎತ್ತಲಿಲ್ಲ. ಎರಡನೆಯವರಿಗೆ ಜ್ವರ. ಆಮೇಲೆ ಸಿಕ್ಕ ಬಸ್ ಡ್ರೈವರು, "ಡಿಪೋದಲ್ಲಿದ್ದೀನಿ ಮೇಡಂ, ಬಂದೇಬಿಟ್ಟೆ" ಎಂದ. ಅವನ ಹಿಂದೆಯೇ ಒಬ್ಬ ಟೀಚರು ಬಂದರು. ಇಬ್ಬರ ರಕ್ತ ತೆಗೆದು, ಅದರ ಪರೀಕ್ಷೆ ಮುಗಿಸಿ ಚೀಲ ಕೊಡುವಷ್ಟರಲ್ಲಿ ನನ್ನ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

ಮಧ್ಯಾಹ್ನ ನರ್ಸು ಬಂದು, "ನಿಂತಿದೆ. ಉಳ್ಕೋತಾಳೆ" ಎಂದಳು. ಆ ಗಂಡ ಹೋಗಿ ವಾರ್ಡಿನ ಬಾಗಿಲ ಪಕ್ಕ ಚಪ್ಪಲಿಯನ್ನು ಜೋಡಿಸಿಟ್ಟ.

ಸ್ವಲ್ಪ ಹೊತ್ತಿಗೆ ದೊಡ್ಡ ಡಾಕ್ಟರು ನಮ್ಮ ಕೋಣೆಗೆ ಬಂದರು. "ಏನಮ್ಮ, ನಿನ್ನೆ ನೀನೇನೋ ಅಳಿಸಿದ್ದೆಯಂತೆ? ಸ್ವಲ್ಪ ನೋಡಿ ಮಾಡ್ಬೇಕಲ್ವಾ?"

ನಾನು ಅತ್ತಿಗೆಯ ಬಾಯನ್ನೇ ನೋಡುತ್ತಿದ್ದೆ. ಈಗ ಬರುತ್ತದೆ 'ತಪ್ಪಾಯ್ತು' ಅಂದುಕೊಂಡೆ. ಅವಳ ತುಟಿ ಅಭ್ಯಾಸಬಲದಿಂದ ಅಲುಗಾಡಿತು ಕೂಡ.

"ಇದು ನಾನು ಮಾಡಿದ್ದಲ್ಲ ಸರ್," ಅಂದಳು. "ಕಡತ ಎತ್ತಿಟ್ಟಿದ್ದು ನೀವು."

ಡಾಕ್ಟರು ಬಾಗಿಲ ಕಡೆ ತಿರುಗಿದರು. "ಆಯ್ತು ಬಿಡಮ್ಮ. ಈಗ ಎಲ್ಲ ಸರಿಹೋಯ್ತಲ್ಲ."

"ಸರಿಹೋಗದೆ ಇದ್ದಿದ್ರೆ?" ಅತ್ತಿಗೆ ಎದ್ದು ನಿಂತಳು. "ಆ ಹೆಣ್ಣುಮಗಳನ್ನ ನಾನೇ ಕೊಂದೆ ಅಂದ್ಕೊಂಡು ಸಾಯೋವರೆಗೂ ಬದುಕ್ತಿದ್ದೆ ಸರ್. ನಿಮಗೆ ಗೊತ್ತೇ ಆಗ್ತಿರಲಿಲ್ಲ."

ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಾ ನಿಂತರು. ನಾನು ಡ್ರಾಯರು ಎಳೆದು ಅವಳ ಊಟದ ಡಬ್ಬಿ ತೆಗೆದು ಮುಂದಿಟ್ಟೆ.