ಬಾವಲಿಗಳಿಗಾಗಿ ತರಿಸಿದ ಕಾರ್ಡು

ಗೆಳೆಯರೇ, ಇವತ್ತು ಕಾಲೇಜಿನ ಏಕೈಕ ಕಂಪ್ಯೂಟರನ್ನು ಜೀಪಿನಲ್ಲಿಟ್ಟುಕೊಂಡು ಶಿಗ್ಲಿ ದಾರಿಯ ಹಳೇ ಗುಡಿಗೆ ಹೋದೆವು. ಮನುಷ್ಯರ ಕಿವಿಗೆ ಕೇಳದ ಬಾವಲಿಗಳ ಕೂಗನ್ನು ಹಿಡಿಯಬೇಕಿತ್ತು. ಕಂಪ್ಯೂಟರಿನೊಳಗೆ ಕೂರಿಸುವ, ಸದ್ದನ್ನು ಅಂಕಿಗಳಾಗಿಸುವ ಕಾರ್ಡು ನಿಧಾನದ್ದಾದರೆ ಆ ಕೂಗು ತಪ್ಪಿಹೋಗುತ್ತದೆ, ವೇಗದ್ದೇ ಬೇಕೆಂದು ವರ್ಷವಿಡೀ ಜಗಳಾಡಿ ತರಿಸಿದ್ದೆ.

ಗುಡಿಯ ತುಂಬ ಹೊಗೆಯ ವಾಸನೆ. ತೊಳೆದ ನೆಲದ ಮೇಲೆ ರಂಗೋಲಿ.

"ನೀವು ಬರ್ತೀರಂತ ಬೇವಿನ ಹೊಗಿ ಹಾಕಿಸೀನ್ರಿ. ಒಂದೂ ಬಾವಲಿ ಉಳಿದಿಲ್ಲ. ಆರಾಮ ಕುಂಡ್ರಿ," ಎಂದರು ಪೂಜಾರಿ ಅಜ್ಜ.

ಗುಡಿಸಿಟ್ಟ ಕಸದಲ್ಲಿ ಹಾರಲು ಬಾರದ ಮರಿಗಳು ಸತ್ತು ಬಿದ್ದಿದ್ದವು.

ಆದರೂ ಯಂತ್ರ ಚಾಲೂ ಮಾಡಿದೆ. ಪರದೆಯ ಮೇಲೆ ಒಂದು ನೇರ ಗೆರೆ, ಒಂದು ಕೂಗೂ ಇಲ್ಲ.

"ಛಲೋ ಬರಾಕತ್ತೈತೇನ್ರಿ?" ಅಜ್ಜ ಬಗ್ಗಿ ನೋಡಿದರು.

"ಛಲೋ ಐತ್ರಿ ಅಜ್ಜಾರ," ಎಂದೆ.

ಕಾರ್ಡಿನ ಆಯ್ಕೆಯಲ್ಲಂತೂ ನಾನು ಎಡವಿರಲಿಲ್ಲ.